ಸೂತ್ರ ಯಾರ ಕೈಯಲ್ಲಿ?

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರೈಲು ಯಶವಂತಪುರವನ್ನು ಬಿಟ್ಟು ಸ್ವಲ್ಪ ದೂರ ಸಾಗಿದರೆ ಚಿಕ್ಕಬಾಣಾವರದ ನಿಲ್ದಾಣ ಸಿಕ್ಕುತ್ತದೆ. ಒಂದು ಕಾಲಕ್ಕೆ ಕೆರೆ ಮತ್ತು ರಾಗಿಯ ಹೊಲಗಳ ಹಳ್ಳಿಯಾಗಿದ್ದ ಈ ಊರು, 1970ರ ದಶಕದಿಂದೀಚೆಗೆ ಪೀಣ್ಯದ ಕಾರ್ಖಾನೆಗಳು ಬೆಳೆದಂತೆಲ್ಲ, ನಿವೇಶನಗಳ ಊರಾಗಿ ಮಾರ್ಪಟ್ಟಿದೆ. ಅಲ್ಲಿ ನಮ್ಮದೂ ಮೂವತ್ತು ನಲವತ್ತರ ಒಂದು ನಿವೇಶನವುಂಟು. ಇಪ್ಪತ್ತೆಂಟು ವರ್ಷಗಳ ಕಾಲ ಪ್ರೌಢಶಾಲೆಯ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟು ಉಳಿಸಿದ ಹಣ, ಮನೆಯಾಕೆಯ ತವರಿನಿಂದ ಬಂದ ಒಂದಿಷ್ಟು ಚಿನ್ನ, ಬ್ಯಾಂಕಿನ ಸಾಲ ಇವು ಮೂರೂ ಕೂಡಿದರೆ ಒಂದು ಮನೆ. ಒಂದೇ ಮನೆ. ತಪ್ಪಾದರೆ ಕೆಡವಿ ಮತ್ತೊಂದನ್ನು ಕಟ್ಟುವ ಶಕ್ತಿ ನಮಗಿಲ್ಲ. ವಾಚಕ ಮಹಾಶಯರಲ್ಲಿ ಬಹುಮಂದಿಯ ಪರಿಸ್ಥಿತಿ ಇದಕ್ಕಿಂತ ಬೇರೆಯಾಗಿರಲಾರದು.

ಹೀಗಿರಲು ಒಂದು ಸಂಜೆ ವಾರ್ತೆಗಳನ್ನು ಕೇಳಿ ಮುಗಿಸಿ ರೇಡಿಯೋ ಆರಿಸಿದ ಮೇಲೆ ಮನೆಯಲ್ಲಿ ಚರ್ಚೆ ಹುಟ್ಟಿತು. ಮನೆ ಕಟ್ಟುವ ಕೆಲಸವನ್ನು ಯಾರ ಕೈಗೆ ಕೊಡಬೇಕು? ನಕ್ಷೆ ಬರೆಯುವ ವಾಸ್ತುಶಿಲ್ಪಿಗೋ, ಕಟ್ಟುವ ಮೇಸ್ತ್ರಿಗೋ?

"ನಮ್ಮಪ್ಪ ಮನೆ ಕಟ್ಟಿಸಿದಾಗ ಯಾವ ಆರ್ಕಿಟೆಕ್ಟು ಬಂದಿದ್ದ ರೀ? ಮೇಸ್ತ್ರಿ ಕೋಲಿನಲ್ಲಿ ನೆಲದ ಮೇಲೆ ಗೆರೆ ಎಳೆದ, ಮನೆ ಎದ್ದಿತು. ಅರವತ್ತು ವರ್ಷವಾಯಿತು, ಒಂದು ಬಿರುಕಿಲ್ಲ" ಎಂದಳು ಮನೆಯಾಕೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಮಗ ಒಪ್ಪಲಿಲ್ಲ. "ಅಮ್ಮಾ, ಅದು ಹಂಚಿನ ಮನೆ. ನಾವು ಕಟ್ಟೋದು ಎರಡು ಅಂತಸ್ತಿನ ಕಾಂಕ್ರೀಟಿನ ಮನೆ. ನಮ್ಮ ಫ್ಯಾಕ್ಟರಿಯಲ್ಲಿ ಒಂದು ಬೋಲ್ಟು ಮಾಡಬೇಕಾದರೂ ಡ್ರಾಯಿಂಗ್ ಇಲ್ಲದೆ ಮಾಡಲ್ಲ" ಎಂದನು. ಇಬ್ಬರೂ ನನ್ನ ಮುಖ ನೋಡಿದರು. ನಾನು ಗೋಡೆಯನ್ನು ನೋಡಿದೆನು. ಕನ್ನಡ ಪಂಡಿತನಿಗೆ ಗಾರೆಯ ವಿಷಯ ಏನು ತಿಳಿದೀತು? ಆದರೆ ಹಳೆಯ ಶಾಸನಗಳ ವಿಷಯ ಸ್ವಲ್ಪ ತಿಳಿದೀತು. ಈ ಪ್ರಶ್ನೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಹುಟ್ಟಿದುದೇನಲ್ಲ, ನಮ್ಮ ನಾಡಿನಲ್ಲಿ ಬಹಳ ಹಿಂದಿನಿಂದಲೂ ಕಟ್ಟುವವರೆಲ್ಲ ಇದನ್ನು ಎದುರಿಸಿದ್ದಾರೆ ಎಂದು ಹೊಳೆದು, ಹುಡುಕುತ್ತ ಹೋದೆನು. ಕಂಡುದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಮಾತುಗಳನ್ನೇ ನೋಡೋಣ. 'ಆರ್ಕಿಟೆಕ್ಟ್' ಎಂಬುದು ಗ್ರೀಕ್ ಭಾಷೆಯಿಂದ ಬಂದ ಶಬ್ದ. ಅದರ ಮೊದಲ ಭಾಗಕ್ಕೆ 'ಪ್ರಧಾನ' ಎಂದೂ, ಎರಡನೆಯ ಭಾಗವಾದ 'ತೆಕ್ತೋನ್' ಎಂಬುದಕ್ಕೆ 'ಬಡಗಿ' ಎಂದೂ ಅರ್ಥ. ಈ ತೆಕ್ತೋನ್ ನಮ್ಮ ಸಂಸ್ಕೃತದ 'ತಕ್ಷ' ಶಬ್ದಕ್ಕೆ ಒಡಹುಟ್ಟಿದುದು. ಅಂದರೆ ಆರ್ಕಿಟೆಕ್ಟ್ ಎಂದರೆ ಮೂಲದಲ್ಲಿ ಹಿರಿಯ ಬಡಗಿ, ಉಳಿ ಹಿಡಿಯಬಲ್ಲವರಲ್ಲಿ ಮುಂದಾಳು. ಇನ್ನು 'ಮೇಸ್ತ್ರಿ' ನಮ್ಮದೇ ಮಾತೆಂದು ನಾವು ತಿಳಿದಿದ್ದೇವೆ. ಅದು ಪೋರ್ಚುಗೀಸರಿಂದ ಬಂದುದು. ಅವರ ಭಾಷೆಯಲ್ಲಿ 'ಮೆಸ್ತ್ರೆ' ಎಂದರೆ ಒಡೆಯ, ಗುರು, ಕಸುಬಿನಲ್ಲಿ ಪಳಗಿದವನು. ನಮ್ಮ ಶಿಲ್ಪಗ್ರಂಥಗಳಾದ ಮಾನಸಾರ, ಮಯಮತಗಳು ಕಟ್ಟುವವರಲ್ಲಿ ನಾಲ್ವರನ್ನು ಹೇಳುತ್ತವೆ: ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ. ಸ್ಥಪತಿ ಇಡೀ ಕೆಲಸಕ್ಕೆ ಒಡೆಯ. ಸೂತ್ರಗ್ರಾಹಿ ನೂಲು ಹಿಡಿದು ಅಳತೆ ಹಾಕುವವನು. ತಕ್ಷಕ ಕಲ್ಲು ಮರಗಳನ್ನು ಕೆತ್ತುವವನು. ವರ್ಧಕಿ ಅವುಗಳನ್ನು ಜೋಡಿಸಿ ಬೆಳೆಸುವವನು. ನಾಲ್ವರೂ ಒಂದೇ ಕಸುಬಿನ ನಾಲ್ಕು ಮೆಟ್ಟಿಲುಗಳಲ್ಲಿ ನಿಂತವರು. ನಕ್ಷೆ ಒಂದು ಕಡೆ, ಕರಣೆ ಇನ್ನೊಂದು ಕಡೆ ಎಂಬ ಬೇರ್ಪಾಟು ಅಲ್ಲಿ ಕಾಣದು.

ಪಟ್ಟದಕಲ್ಲಿನಲ್ಲಿ ಇದಕ್ಕೆ ಸಾಕ್ಷಿಯುಂಟು. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು 8ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ ದೇವಾಲಯವೇ ಇಂದಿನ ವಿರೂಪಾಕ್ಷ. ಅದರ ಹೆಬ್ಬಾಗಿಲ ಶಾಸನಗಳಲ್ಲಿ ರಾಜರಾಣಿಯರ ಹೆಸರುಗಳ ಜೊತೆಗೆ ಕಟ್ಟಿದವರ ಹೆಸರುಗಳೂ ಇವೆ. ಗುಂಡನೆಂಬ ಅನಿವಾರಿತಾಚಾರಿ ಈ ದೇಗುಲದ ಸೂತ್ರಧಾರಿ. ಅವನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದಿತು. ಸರ್ವಸಿದ್ಧಿ ಆಚಾರಿ ಎಂಬ ಹೆಸರು ಅಲ್ಲಿಯೇ ಬರುತ್ತದೆ. ಅವನನ್ನು ತೆಂಕಣ ದೆಸೆಯ ಸೂತ್ರಧಾರಿಯೆಂದು ಕರೆದಿದೆ. ವಾಸ್ತು, ಪ್ರಾಸಾದ ಮಾತ್ರವಲ್ಲದೆ ವಾಹನ, ಆಸನ, ಶಯನಗಳ ರಚನೆಯಲ್ಲಿಯೂ ಅವನು ನಿಪುಣನೆಂದು ಹೊಗಳಿದೆ. ಗಮನಿಸಿ, ಬಿರುದು ಸಂದುದು 'ಸೂತ್ರಧಾರಿ'ಗೆ, ಎಂದರೆ ನೂಲು ಹಿಡಿದವನಿಗೆ. ಬುದ್ಧಿ ಮತ್ತು ಕೈ ಎರಡೂ ಒಬ್ಬನಲ್ಲಿಯೇ ಇದ್ದ ಕಾಲವದು. ಮುಂದೆ ಹೊಯ್ಸಳರ ಕಾಲದಲ್ಲಿಯೂ ಹೀಗೆಯೇ. ಅಮೃತಾಪುರದಲ್ಲಿಯೂ, ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಸೋಮನಾಥಪುರದಲ್ಲಿಯೂ ಮಲ್ಲಿತಮ್ಮನ ಹೆಸರು ಕಲ್ಲಿನ ಮೇಲಿದೆ. ತನ್ನ ಕೆಲಸಕ್ಕೆ ತಾನೇ ರುಜು ಹಾಕಿದವನು ಅವನು.

ಹಾಗಾದರೆ ನಕ್ಷೆ ಮತ್ತು ಕರಣೆ ಬೇರೆಯಾದುದು ಯಾವಾಗ? ಅದಕ್ಕೆ ನಾವು ಸ್ವಲ್ಪ ಹೊತ್ತು ಇಟಲಿಯ ಕಡೆ ಹೋಗಿ ಬರಬೇಕು. ಫ್ಲಾರೆನ್ಸ್ ನಗರದ ದೊಡ್ಡ ಇಗರ್ಜಿಯ ಗುಮ್ಮಟವನ್ನು 1420ರಿಂದ 1436ರವರೆಗೆ ಕಟ್ಟಿಸಿದ ಬ್ರುನೆಲೆಸ್ಕಿ ಆ ಕೆಲಸದ ಜಾಗವನ್ನು ಬಿಟ್ಟು ಕದಲಿದವನಲ್ಲ. ನೆಲದಿಂದ ಮರದ ಆಧಾರವನ್ನು ಕೊಡದೆಯೇ ಗುಮ್ಮಟವನ್ನು ಎಬ್ಬಿಸುವ ಉಪಾಯವನ್ನು ಹುಡುಕಿದವನೂ ಅವನೇ, ಭಾರ ಎತ್ತುವ ಯಂತ್ರಗಳನ್ನು ಮಾಡಿಸಿದವನೂ ಅವನೇ. ಆದರೆ ಅವನ ಬಳಿಕ ಬಂದ ಆಲ್ಬರ್ಟಿ ಬೇರೆ ಬಗೆಯ ಮನುಷ್ಯ. ಅವನು ವಿದ್ವಾಂಸ. ಬಡಗಿ ವಾಸ್ತುಶಿಲ್ಪಿಯ ಕೈಯೊಳಗಿನ ಉಪಕರಣ ಮಾತ್ರ, ಮನೆಯ ರೂಪ ಮನಸ್ಸಿನಲ್ಲಿಯೇ ಪೂರ್ಣವಾಗಿ ಹುಟ್ಟಬೇಕು ಎಂಬುದು ಅವನ ವಾದ. ಆದುದರಿಂದ ರಿಮಿನಿ ಎಂಬ ಊರಿನಲ್ಲಿ ಅವನ ನಕ್ಷೆಯಂತೆ ಇಗರ್ಜಿ ಏಳುತ್ತಿದ್ದಾಗ ಅವನು ರೋಮ್ ನಗರದಲ್ಲಿದ್ದನು. 1454ರಲ್ಲಿ ಅಲ್ಲಿಂದ ಕಾಗದ ಬರೆದು, ಕಂಬಗಳ ಅಳತೆಯನ್ನು ಬದಲಿಸಿದರೆ ಒಟ್ಟು ಮೇಳವೇ ಕೆಡುವುದೆಂದು ಎಚ್ಚರಿಸಬೇಕಾಯಿತು. ಜಾಗದಲ್ಲಿಲ್ಲದ ವಾಸ್ತುಶಿಲ್ಪಿಯ ಪಾಡು ಆ ಕಾಗದದಲ್ಲಿಯೇ ಇದೆ: ಹೇಳುವುದು ಒಬ್ಬ, ಕಟ್ಟುವುದು ಇನ್ನೊಬ್ಬ, ನಡುವೆ ಒಂದು ಅಂಚೆ.

ಈ ಬೇರ್ಪಾಟಿನಿಂದ ನಷ್ಟವೇ ಆಯಿತೆನ್ನುವಂತಿಲ್ಲ. 1834ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ ಸ್ಥಾಪನೆಯಾದಾಗ, ಕಟ್ಟಡದ ಗುತ್ತಿಗೆಯಲ್ಲಿ ಲಾಭವಿರುವವನು ಅದರ ಸದಸ್ಯನಾಗಕೂಡದು ಎಂಬ ಕಟ್ಟು ಬಂದಿತು. ಇದರ ಒಳಗುಟ್ಟನ್ನು ತಿಳಿಯುವುದು ಕಷ್ಟವಲ್ಲ. ಇಟ್ಟಿಗೆಯನ್ನು ಮಾರುವವನೇ ಇಟ್ಟಿಗೆಯ ಲೆಕ್ಕವನ್ನೂ ಬರೆದರೆ ಯಜಮಾನನ ಗತಿಯೇನು? ಅಳೆಯುವವನಿಗೆ ಅಳತೆಯ ಫಲದಲ್ಲಿ ಪಾಲಿರಬಾರದು. ವಾಸ್ತುಶಿಲ್ಪಿ ಯಜಮಾನನ ಪಕ್ಷದವನು, ಗುತ್ತಿಗೆದಾರನ ಎದುರು ನಿಂತು ನೋಡುವ ಕಣ್ಣು. ಚೆಂದದ ನಕ್ಷೆ ಎರಡನೆಯ ಮಾತು.

ಇನ್ನು ನಮ್ಮ ನಾಡಿಗೇ ಬರೋಣ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಅಠಾರಾ ಕಚೇರಿ, ತಮಗೆಲ್ಲ ಗೊತ್ತು. ಇಂದು ಅಲ್ಲಿ ಉಚ್ಚ ನ್ಯಾಯಾಲಯವಿದೆ. ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳನ್ನು ಟಿಪ್ಪುವಿನ ಅರಮನೆಯಿಂದ ಅಲ್ಲಿಗೆ ಸಾಗಿಸಿದುದರಿಂದ ಆ ಹೆಸರು. 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿದ ಈ ಕೆಲಸವನ್ನು ನಡೆಸಿದವರು ಇಬ್ಬರು. ಮೇಲ್ವಿಚಾರಣೆ ಇಂಜಿನಿಯರ್ ಸ್ಯಾಂಕಿಯವರದು. ಮುಂದೆ ನಮ್ಮ ಊರಿನ ಕೆರೆಯೊಂದಕ್ಕೆ ಅವರ ಹೆಸರೇ ನಿಂತಿತು. ಕಟ್ಟಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಬೆಂಗಳೂರಿನಲ್ಲಿ ಶಾಲೆಗಳನ್ನು ತೆರೆದು ಹೆಸರಾದ ಧರ್ಮಾತ್ಮರು. ಗುತ್ತಿಗೆದಾರನೆಂದರೆ ಮೋಸಗಾರನೆಂದು ಬಗೆಯುವವರು ಈ ಕಟ್ಟಡವನ್ನೊಮ್ಮೆ ನೋಡಬೇಕು. ಒಂದೂವರೆ ಶತಮಾನ ದಾಟಿದರೂ ನಿಂತಿದೆ. ಆದರೆ ಅಲ್ಲಿ ಗುತ್ತಿಗೆದಾರನ ಪ್ರಾಮಾಣಿಕತೆಯೊಂದೇ ಇರಲಿಲ್ಲ, ಅಳೆದು ನೋಡುವ ಇಂಜಿನಿಯರೂ ಬೇರೆಯಾಗಿ ಇದ್ದನು ಎಂಬುದನ್ನು ಮರೆಯಬಾರದು.

ಎರಡನೆಯ ನಿದರ್ಶನ ಮೈಸೂರಿನ ಅರಮನೆ. 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ, ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಆಗ ರಾಜ್ಯವನ್ನು ನೋಡಿಕೊಳ್ಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. ಸುಟ್ಟ ಮನೆಯ ಮುಂದೆ ನಿಂತ ಯಾವ ಗೃಹಿಣಿಯ ಮನಸ್ಸಿನಲ್ಲಾದರೂ ಏಳುವ ಪ್ರಶ್ನೆ ಅವರ ಮುಂದೆಯೂ ಇತ್ತು. ಅವರು ಆರಿಸಿದ ದಾರಿ ಜಾಣತನದ್ದು. ನಕ್ಷೆಯನ್ನು ಸಿಮ್ಲಾದ ವೈಸರಾಯ್ ನಿವಾಸವನ್ನು ರಚಿಸಿ ಹೆಸರಾಗಿದ್ದ ಹೆನ್ರಿ ಇರ್ವಿನ್ನರಿಗೆ ವಹಿಸಿದರು. ಕೆಲಸವನ್ನು ದಿನದಿನವೂ ನೋಡಿಕೊಳ್ಳಲು ಅರಮನೆಯ ವಿಭಾಗದ ಇಂಜಿನಿಯರ್ ಬಿ. ಪಿ. ರಾಘವಲು ನಾಯ್ಡು ಅವರು ನಿಂತರು. ನಾಯ್ಡು ಅವರು ದೆಹಲಿ, ಮದರಾಸು, ಕಲ್ಕತ್ತೆಗಳ ಕಟ್ಟಡಗಳನ್ನು ನೋಡಿ, ಅಭ್ಯಾಸ ಮಾಡಿ ಬಂದವರು. ಮತ್ತೆ ಬೆಂಕಿ ತಗಲದಿರಲೆಂದು ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣಗಳಿಗೆ ಹೆಚ್ಚು ಸ್ಥಾನ ದೊರೆಯಿತು. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋ ನಗರದಿಂದ ಬಂದವು. 1912ರಲ್ಲಿ ಕೆಲಸ ಮುಗಿದಾಗ ಆದ ವೆಚ್ಚ 41,47,913 ರೂಪಾಯಿ. ಕೊನೆಯ ಮೂರು ರೂಪಾಯಿಯವರೆಗೂ ಲೆಕ್ಕವಿದೆ ಎಂಬುದೇ ನನಗೆ ಮೆಚ್ಚಿಗೆಯಾದ ಸಂಗತಿ. ದೂರದ ಪ್ರತಿಭೆ ಒಂದು, ಹತ್ತಿರದ ಕಣ್ಣು ಒಂದು, ಕೆತ್ತುವ ಕೈಗಳು ನೂರಾರು. ಇವೆಲ್ಲದರ ಮೇಲೆ, ತನಗೇನು ಬೇಕೆಂದು ಬಲ್ಲ ಯಜಮಾನಿ.

ಮೂರನೆಯದು ವಿಧಾನಸೌಧ. ಇದರ ಕತೆ ಚಿಕ್ಕಬಾಣಾವರದವರಿಗೆ ಇನ್ನೂ ಹತ್ತಿರದ್ದು. ಏಕೆಂದರೆ ಅದರ ಬಿಳಿಗಲ್ಲನ್ನು ತೆಗೆದುದು ನಮ್ಮ ನೆರೆಯ ಮಲ್ಲಸಂದ್ರ, ಹೆಸರಘಟ್ಟಗಳ ಸುತ್ತಿನ ಬಂಡೆಗಳಿಂದ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಅಡಿಗಲ್ಲನ್ನಿಟ್ಟಾಗ, ಕೆ. ಸಿ. ರೆಡ್ಡಿಯವರ ಸರ್ಕಾರದ ಮನಸ್ಸಿನಲ್ಲಿದ್ದುದು ಎರಡು ಅಂತಸ್ತಿನ ಸರಳವಾದ ಕಟ್ಟಡ. ಅಂದಾಜು ವೆಚ್ಚ 33 ಲಕ್ಷ ರೂಪಾಯಿ. ಮರುವರ್ಷ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು. ಅವರಿಗೆ ಆ ನಕ್ಷೆ ಸಾಲದಾಯಿತು. ನಾಡಿನ ದೇಗುಲಗಳ ಗಾಂಭೀರ್ಯ ಪ್ರಜೆಗಳ ಸೌಧಕ್ಕೂ ಬೇಕೆಂದು ಹೊಸ ರೂಪವನ್ನು ಬಯಸಿದರು. ಸರ್ಕಾರದ ಇಂಜಿನಿಯರೂ ವಾಸ್ತುಶಿಲ್ಪಿಯೂ ಆಗಿದ್ದ ಬಿ. ಆರ್. ಮಾಣಿಕ್ಯಂ ಅವರು ಅದನ್ನು ಕಾಗದದ ಮೇಲೆ ತಂದರು. 700 ಅಡಿ ಉದ್ದ, 350 ಅಡಿ ಅಗಲ. ಮುಂದೆ ನಾಲ್ವತ್ತು ಅಡಿ ಎತ್ತರದ ಹನ್ನೆರಡು ಕಂಬಗಳು. ಸೆರೆಮನೆಯ ಕೈದಿಗಳೂ ಸೇರಿ ಸುಮಾರು 5,000 ಮಂದಿ ಕೂಲಿಯವರು, 1,500 ಮಂದಿ ಕಲ್ಲುಕುಟಿಗರು ಮತ್ತು ಮರಗೆಲಸದವರು ದುಡಿದರು. 1956ರಲ್ಲಿ ಕಟ್ಟಡ ಸಿದ್ಧವಾದಾಗ ಖರ್ಚು ಒಂದು ಮುಕ್ಕಾಲು ಕೋಟಿ ರೂಪಾಯಿಯನ್ನು ದಾಟಿತ್ತು. ಈ ದುಂದಿನ ಬಗ್ಗೆ ವಿಚಾರಣಾ ಸಮಿತಿಯೂ ಕುಳಿತಿತು.

ಇಂದು ಆ ಸೌಧದ ಮುಂದೆ ನಿಂತು ಹೆಮ್ಮೆ ಪಡದ ಕನ್ನಡಿಗನಿಲ್ಲ. ನಾನೂ ಹೆಮ್ಮೆ ಪಡುವವನೇ. ಆದರೆ ಮನೆ ಕಟ್ಟಲು ಹೊರಟವನು ಅಲ್ಲಿ ಇನ್ನೊಂದು ಪಾಠವನ್ನೂ ಓದಿಕೊಳ್ಳಬೇಕು. 33 ಲಕ್ಷ ಒಂದು ಮುಕ್ಕಾಲು ಕೋಟಿಯಾದುದು ವಾಸ್ತುಶಿಲ್ಪಿಯಿಂದಲೂ ಅಲ್ಲ, ಕಲ್ಲುಕುಟಿಗನಿಂದಲೂ ಅಲ್ಲ. ಅಡಿಗಲ್ಲು ಬಿದ್ದ ಮೇಲೆ ಯಜಮಾನನ ಮನಸ್ಸು ಬದಲಾಯಿತು. ನಾಡಿನ ಬೊಕ್ಕಸಕ್ಕೆ ಅದನ್ನು ತಾಳುವ ಶಕ್ತಿಯಿತ್ತು. ಮೇಷ್ಟರ ಭವಿಷ್ಯನಿಧಿಗೆ ಆ ಶಕ್ತಿಯಿಲ್ಲ. ನನ್ನ ಪರಿಚಯದವರೊಬ್ಬರು ಚದರಕ್ಕೆ ಇಷ್ಟೆಂದು ಮಾತಾಡಿ ಇಡೀ ಮನೆಯನ್ನು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿದರು. ನಕ್ಷೆ ಒಂದು ಹಾಳೆ ಮಾತ್ರ. ಪಾಯ ಮುಗಿದ ಮೇಲೆ ದೇವರ ಮನೆ ಈ ಕಡೆ ಇರಲಿ ಎಂದರು. ತಾರಸಿಯ ಹೊತ್ತಿಗೆ ಮೆಟ್ಟಿಲು ಒಳಗೆ ಬರಲಿ ಎಂದರು. ಪ್ರತಿಯೊಂದಕ್ಕೂ ಗುತ್ತಿಗೆದಾರ "ಆಗಲಿ ಸಾರ್" ಎಂದನು. ಕೊನೆಯಲ್ಲಿ 'ಎಕ್ಸ್‌ಟ್ರಾ' ಎಂಬ ತಲೆಬರಹದ ಕೆಳಗೆ ಎರಡು ಪುಟದ ಪಟ್ಟಿಯನ್ನು ಕೊಟ್ಟನು. ಅವನ ಮೇಲೆ ಇವರಿಗೆ ಕೋಪ, ಇವರ ಮೇಲೆ ಅವನಿಗೆ ಕೋಪ. ಗೃಹಪ್ರವೇಶದ ದಿನ ಇಬ್ಬರೂ ಮಾತಾಡಲಿಲ್ಲ. ಬರೆದಿಡದ ಮಾತಿಗೆ ಇಬ್ಬರೂ ತೆತ್ತ ದಂಡವದು.

ಹಾಗಾದರೆ ಮನೆಯಾಕೆಯ ತಂದೆಯ ಕಾಲದ ಮೇಸ್ತ್ರಿ ನಕ್ಷೆಯಿಲ್ಲದೆ ಹೇಗೆ ಕಟ್ಟಿದನು? ಅವಳ ಮಾತು ಸುಳ್ಳಲ್ಲ. ಆ ಮೇಸ್ತ್ರಿಯ ನಕ್ಷೆ ಊರಿನಲ್ಲಿಯೇ ಇತ್ತು. ಪಕ್ಕದ ಮನೆಯೇ ಅವನ ಪುಸ್ತಕ. ಜಗುಲಿ, ನಡುಮನೆ, ಅಡಿಗೆಮನೆ, ಹಿತ್ತಿಲು ಎಂಬ ಕ್ರಮ ಅಜ್ಜನಿಂದ ಬಂದುದು. ತೊಲೆ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಗೋಡೆ ದಪ್ಪ, ಸೂರು ಹಗುರ. ತಪ್ಪಿದರೂ ತಿದ್ದಲು ಬರುತ್ತಿತ್ತು. ಈಗ ಹಾಗಿಲ್ಲ. ಕಾಂಕ್ರೀಟಿನ ಕಂಬದೊಳಗೆ ಎಷ್ಟು ಕಬ್ಬಿಣವಿದೆಯೆಂಬುದು ಹೊರಗಿನ ಕಣ್ಣಿಗೆ ಕಾಣದು. ಮೋಲ್ಡ್ ಹಾಕಿದ ಮೇಲೆ ತೊಲೆಯನ್ನು ಸರಿಸಲಾಗದು. ಮೂವತ್ತು ನಲವತ್ತರ ಜಾಗದಲ್ಲಿ ಮೂರು ಕಡೆ ನೆರೆಮನೆಯ ಗೋಡೆಗಳೆದ್ದರೆ ಗಾಳಿ ಬೆಳಕುಗಳನ್ನು ಎಲ್ಲಿಂದ ತರಬೇಕೆಂಬುದನ್ನು ಪಕ್ಕದ ಮನೆ ಹೇಳಿಕೊಡದು, ಅದೇ ಕತ್ತಲಲ್ಲಿರುತ್ತದೆ.

ಗಾಳಿ ಬೆಳಕಿನ ಮಾತು ಬಂದುದರಿಂದ ಒಬ್ಬರನ್ನು ನೆನೆಯಬೇಕು. ಜರ್ಮನಿಯಲ್ಲಿ ಹಿಟ್ಲರನ ಕಾಟದಿಂದ ದೇಶ ಬಿಟ್ಟ ಓಟೋ ಕೋನಿಗ್ಸ್‌ಬರ್ಗರ್ ಎಂಬ ತರುಣರು ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಅವರ ಕಟ್ಟಡಗಳಿವೆ. ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಗಾಳಿಯ ದಿಕ್ಕು ಇವುಗಳನ್ನು ಅಳೆದು ಕಟ್ಟಬೇಕೆಂಬುದು ಅವರ ಪಾಠ. ಮುಂದೆ ದೆಹಲಿಗೂ ಅಲ್ಲಿಂದ ಲಂಡನ್ನಿಗೂ ಹೋಗಿ, ಉಷ್ಣದೇಶಗಳ ಮನೆಗಳನ್ನು ಕುರಿತು ಸಂಗಡಿಗರೊಡನೆ ದೊಡ್ಡ ಕೈಪಿಡಿಯನ್ನೇ ಬರೆದರು. ನಕ್ಷೆಗೆ ಕೊಟ್ಟ ಹಣ ಚೆಂದಕ್ಕೆ ಕೊಟ್ಟ ಹಣವೆಂದು ತಿಳಿದವರು ಇದನ್ನು ಯೋಚಿಸಲಿ. ಹಗಲಿನಲ್ಲಿ ದೀಪ ಹಾಕದೆ ಕುಳಿತು ಓದಬಹುದಾದ ಕೋಣೆ ಅದರ ಬಡ್ಡಿ.

ಕಾನೂನಿನ ಮಾತನ್ನೂ ಒಂದಿಷ್ಟು ತಿಳಿದಿರಬೇಕು. 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ, ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರ ಹೊರತು ಬೇರೆಯವರು 'ಆರ್ಕಿಟೆಕ್ಟ್' ಎಂಬ ಬಿರುದನ್ನು ಬಳಸುವಂತಿಲ್ಲ. ಆದರೆ ಆ ಅಧಿನಿಯಮ ಕಾಯುವುದು ಬಿರುದನ್ನೇ ಹೊರತು ಕೆಲಸವನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. ಅಂದರೆ ಮನೆಯ ನಕ್ಷೆಯನ್ನು ಬೇರೆಯವರೂ ಬರೆಯಬಹುದು, ಬರೆಯುತ್ತಿದ್ದಾರೆ. ಆದುದರಿಂದ ಬಾಗಿಲಿನ ಮೇಲಿನ ಫಲಕವನ್ನು ನಂಬದೆ ನೋಂದಣಿಯ ಸಂಖ್ಯೆಯನ್ನು ಕೇಳುವುದು ಯಜಮಾನನ ಹಕ್ಕು. ಕೇಳಿದರೆ ಒಳ್ಳೆಯವರು ಬೇಸರಪಡುವುದಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಇಷ್ಟೆಲ್ಲ ಓದಿದ ಮೇಲೆ ಮನೆಯಾಕೆಗೂ ಮಗನಿಗೂ ಒಂದು ಸಂಧಿಯನ್ನು ಸೂಚಿಸಿದೆನು. ವ್ಯಾಕರಣದ ಸಂಧಿಯಂತೆ ಅಲ್ಲಿ ಎರಡು ಅಕ್ಷರಗಳೂ ಸ್ವಲ್ಪಸ್ವಲ್ಪ ಬಿಟ್ಟುಕೊಡಬೇಕು. ನಕ್ಷೆಗೂ ವಾರಕ್ಕೊಮ್ಮೆ ಬಂದು ನೋಡುವುದಕ್ಕೂ ಸೇರಿ ಇಷ್ಟೇ ಹಣವೆಂದು ಗೊತ್ತುಮಾಡಿ ಒಬ್ಬ ತರುಣಿ ವಾಸ್ತುಶಿಲ್ಪಿಯನ್ನು ಒಪ್ಪಿಸಿದೆವು. ಸಾಮಾನು ನಮ್ಮದು, ಆಳುಗಳ ಕೂಲಿ ಮಾತ್ರ ಗುತ್ತಿಗೆ ಎಂದು ಒಬ್ಬ ಹಳೆಯ ಮೇಸ್ತ್ರಿಯನ್ನು ಹಿಡಿದೆವು.

ಪಾಯ ತೋಡುವ ಮೂರನೆಯ ದಿನ. ಹಿಂಬದಿಯ ಮೂಲೆಯ ಕಂಬಕ್ಕೆ ಗುಂಡಿ ತೆಗೆಯುತ್ತಿದ್ದರು. ಮೇಸ್ತ್ರಿ ಹಾರೆಯನ್ನು ನೆಲಕ್ಕೆ ಕುಟ್ಟಿದನು. ಮತ್ತೊಮ್ಮೆ ಕುಟ್ಟಿ ಕಿವಿಯಾನಿಸಿದನು. "ಮೇಷ್ಟ್ರೇ, ಈ ಮಣ್ಣು ಹುಟ್ಟುಮಣ್ಣಲ್ಲ, ತುಂಬಿಸಿದ ಮಣ್ಣು. ಇಲ್ಲಿ ಹಳೇ ಬಾವಿ ಇತ್ತು ಅಂತ ಕಾಣುತ್ತೆ" ಎಂದನು. ಇನ್ನೆರಡು ಅಡಿ ತೋಡಿದಾಗ ಕಲ್ಲಿನ ಕಟ್ಟೆಯ ಬಾಗು ಕಂಡಿತು. ಒಂದು ಕಾಲಕ್ಕೆ ಅದು ಯಾರದೋ ತೋಟವಾಗಿದ್ದಿರಬೇಕು. ನಿವೇಶನ ಮಾಡಿದವರು ಬಾವಿಯನ್ನು ಮುಚ್ಚಿ ಮೇಲೆ ಗೆರೆ ಎಳೆದಿದ್ದರು. ಪತ್ರಗಳಲ್ಲಿ ಅದರ ಸುಳಿವಿರಲಿಲ್ಲ.

ಮೇಸ್ತ್ರಿಯ ಉಪಾಯ ಕಲ್ಲು ತುಂಬಿ, ನೀರು ಹೊಡೆದು, ದಿಮ್ಮಿಸು ಹಾಕಿ, ಅಲ್ಲಿಯೇ ಕಂಬವನ್ನು ಎಬ್ಬಿಸುವುದು. ಅಂದು ಸಂಜೆ ಆ ಹುಡುಗಿ ಬಂದು ನೋಡಿದಳು. "ಅಣ್ಣ, ನೀವು ಹೇಳದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಇದರ ಮೇಲೆ ಕಂಬ ಬೇಡ. ಎರಡು ಮಳೆಗಾಲ ಕಳೆದರೆ ಆ ಮೂಲೆ ಮಾತ್ರ ಕುಸಿಯುತ್ತದೆ, ಉಳಿದದ್ದು ನಿಂತಿರುತ್ತದೆ. ಆಗ ಬಿರುಕು" ಎಂದಳು. ಮೇಸ್ತ್ರಿ ತಲೆ ಕೆರೆದುಕೊಂಡನು. "ಹಾಗಂತೀರಾ ಅಮ್ಮಾ? ಸರಿ, ಬರೆದುಕೊಡಿ" ಎಂದನು. ಅವಳು ಲೆಕ್ಕದ ಇಂಜಿನಿಯರನ್ನು ಕೇಳಿ, ಕಂಬವನ್ನು ಬಾವಿಯಿಂದಾಚೆಗೆ ಸರಿಸಿ, ಮೂಲೆಯ ಭಾರವನ್ನು ಮುಂಚಾಚಿದ ತೊಲೆಯ ಮೇಲೆ ಹೊರಿಸುವಂತೆ ಹೊಸ ಹಾಳೆ ತಂದಳು. ಹನ್ನೆರಡು ದಿನ ತಡವಾಯಿತು. ಕಬ್ಬಿಣದ ಖರ್ಚು ಏರಿತು. ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಖರ್ಚಿಗಾಗಿ ಅಲ್ಲ. ಬಾವಿಯ ಮೇಲೆ ಮಲಗುವ ಕೋಣೆಯ ಮೂಲೆ ನಿಲ್ಲುತ್ತಿತ್ತಲ್ಲ ಎಂಬುದಕ್ಕಾಗಿ.

ವಾಚಕರೇ, ಈ ಘಟನೆಯನ್ನು ನಾನು ಹಲವು ಸಲ ತಿರುಗಿಸಿ ನೋಡಿದ್ದೇನೆ. ವಾಸ್ತುಶಿಲ್ಪಿ ಮಾತ್ರ ಇದ್ದು ಮೇಸ್ತ್ರಿ ಹೊಸಬನಾಗಿದ್ದರೆ ಬಾವಿ ಕಾಣುತ್ತಲೇ ಇರಲಿಲ್ಲ. ಆಲ್ಬರ್ಟಿಯ ಕಾಗದದಂತೆ ನಕ್ಷೆ ಎಲ್ಲೋ, ನೆಲ ಎಲ್ಲೋ. ಮೇಸ್ತ್ರಿ ಮಾತ್ರ ಇದ್ದಿದ್ದರೆ ಬಾವಿ ಕಂಡೂ ಮುಚ್ಚಿಹೋಗುತ್ತಿತ್ತು. ಇವೆರಡಕ್ಕಿಂತ ಮುಖ್ಯವಾದುದು ಇನ್ನೊಂದು. ಮೇಸ್ತ್ರಿ ಬಾಯಿಬಿಟ್ಟು ಹೇಳಿದನಲ್ಲ, ಏಕೆ? ಅವನು ಒಳ್ಳೆಯವನೆಂಬುದು ಒಂದು ಕಾರಣ. ಹೇಳಿದುದರಿಂದ ಅವನಿಗೆ ನಷ್ಟವಿರಲಿಲ್ಲವೆಂಬುದು ಇನ್ನೊಂದು. ಸಾಮಾನು ನಮ್ಮದು, ತಡವಾದ ದಿನಗಳ ಕೂಲಿಯೂ ನಮ್ಮದು. ಅದೇ ಮೇಸ್ತ್ರಿ ಚದರಕ್ಕೆ ಇಷ್ಟೆಂದು ಇಡೀ ಮನೆಯನ್ನು ಗುತ್ತಿಗೆ ಹಿಡಿದಿದ್ದರೆ, ಆ ಬಾವಿ ಅವನ ಲಾಭವನ್ನು ನುಂಗುವ ಬಾವಿಯಾಗುತ್ತಿತ್ತು. ಆಗಲೂ ಅವನು ಹೇಳುತ್ತಿದ್ದನೇ? ಪ್ರಾಯಶಃ ಹೇಳುತ್ತಿದ್ದನು. ಆದರೆ ಮನೆ ಕಟ್ಟುವವನು ತನ್ನ ಆಯುಷ್ಯದ ಉಳಿತಾಯವನ್ನು ಒಂದು 'ಪ್ರಾಯಶಃ' ಎಂಬ ಅವ್ಯಯದ ಮೇಲೆ ನಿಲ್ಲಿಸಬಾರದು. ಒಳ್ಳೆಯವನಿಗೂ ನಿಜ ಹೇಳುವುದು ಸುಲಭವಾಗುವಂತೆ ಏರ್ಪಾಟು ಮಾಡುವುದು ಯಜಮಾನನ ಕೆಲಸ. ಲಂಡನ್ನಿನ ಸಂಸ್ಥೆಯ ಹಳೆಯ ಕಟ್ಟಿನ ತಿರುಳೂ ಇದೇ.

ಎಲ್ಲರಿಗೂ ಇದೇ ದಾರಿಯೆಂದು ನಾನು ಹೇಳಲಾರೆ. ಹಿತ್ತಿಲಲ್ಲಿ ಒಂದು ಕೋಣೆ ಹಾಕುವವರಿಗೆ ಪರಿಚಯದ ಮೇಸ್ತ್ರಿಯೇ ಸಾಕು. ಊರಲ್ಲಿಲ್ಲದೆ, ದಿನವೂ ಬಂದು ನೋಡಲಾರದವರಿಗೆ ಎಲ್ಲಕ್ಕೂ ಒಬ್ಬನೇ ಹೊಣೆಯಾಗುವ ಗುತ್ತಿಗೆದಾರ ಅನುಕೂಲನೇ. ಅಂಥವರು ನಕ್ಷೆಯನ್ನು ಮೊದಲೇ ಪೂರ್ತಿಯಾಗಿ ಮುಗಿಸಿ, ಸಾಮಾನಿನ ದರ್ಜೆಯನ್ನು ಬರೆಸಿ, ಮಧ್ಯೆ ಬದಲಾದರೆ ದರವೆಷ್ಟೆಂದು ಗೊತ್ತುಮಾಡಿ, ಅಳತೆ ನೋಡಲು ಅವನಿಂದ ಒಂದು ಕಾಸೂ ಪಡೆಯದ ಬೇರೊಬ್ಬ ಇಂಜಿನಿಯರನ್ನು ಇಟ್ಟುಕೊಳ್ಳಲಿ. ವಾಸ್ತುಶಿಲ್ಪಿಯನ್ನು ಹಿಡಿಯುವವರು ನಕ್ಷೆಯ ಬೆಲೆಯೊಂದನ್ನೇ ಕೇಳದೆ, ಎಷ್ಟು ಸಲ ಜಾಗಕ್ಕೆ ಬರುವಿರಿ ಎಂದು ಕೇಳಲಿ. ಯಾರನ್ನು ಹಿಡಿದರೂ, ಅವರು ಐದಾರು ವರ್ಷದ ಹಿಂದೆ ಕಟ್ಟಿದ ಮನೆಯೊಂದನ್ನು ಮಳೆಗಾಲದಲ್ಲಿ ಹೋಗಿ ನೋಡಿ, ಅಲ್ಲಿನ ಗೃಹಿಣಿಯನ್ನು ಮಾತಾಡಿಸಲಿ. ಅವಳಿಗಿಂತ ದೊಡ್ಡ ಪರೀಕ್ಷಕರಿಲ್ಲ.

ಪಟ್ಟದಕಲ್ಲಿನ ಸೂತ್ರಧಾರಿ ಇಂದು ಇಬ್ಬರಾಗಿ ಒಡೆದಿದ್ದಾನೆ. ಒಬ್ಬನ ಕೈಯಲ್ಲಿ ಕಾಗದ, ಇನ್ನೊಬ್ಬನ ಕೈಯಲ್ಲಿ ತೂಗುಗುಂಡು. ಇಬ್ಬರನ್ನೂ ಒಂದೇ ನೂಲಿನಲ್ಲಿ ಹಿಡಿದು ನಿಲ್ಲಿಸುವ ಕೆಲಸ ಈಗ ಮನೆಯವರ ಪಾಲಿಗೆ ಬಂದಿದೆ. ಅದಕ್ಕೆ ಗಾರೆಯ ಜ್ಞಾನ ಬೇಕಾಗಿಲ್ಲ. ತನಗೇನು ಬೇಕೆಂಬುದನ್ನು ಪಾಯಕ್ಕೆ ಮೊದಲೇ ನಿಶ್ಚಯಿಸುವುದು, ನಿಶ್ಚಯಿಸಿದುದನ್ನು ಬರೆಯಿಸುವುದು, ಬರೆದುದಕ್ಕೆ ತಾನೂ ನಿಲ್ಲುವುದು, ಇಷ್ಟು ಸಾಕು.

ನಮ್ಮ ಮನೆಗೆ ಈಗ ತಾರಸಿ ಬಿದ್ದಿದೆ. ಮೊನ್ನೆ ಮನೆಯಾಕೆ ಮೇಲೆ ಹತ್ತಿ, ಹೆಸರಘಟ್ಟದ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತದೆಂದಳು. ಬಾವಿಯ ಮೂಲೆಯ ಮೇಲೆ ಅವಳು ತುಳಸಿಯನ್ನಿಡಬೇಕೆಂದಿದ್ದಾಳೆ. ಅದಕ್ಕೆ ವಾಸ್ತುಶಿಲ್ಪಿಯ ಒಪ್ಪಿಗೆಯೂ ಆಗಿದೆ, ಮೇಸ್ತ್ರಿಯ ಒಪ್ಪಿಗೆಯೂ ಆಗಿದೆ.